ಉಪ್ಪು ಕಡಿಮೆ, ಹುಳಿ ಕಡಿಮೆ: ಕೋಲಾರದ ಒಂದು ಉಪ್ಪಿನಕಾಯಿ ಅಂಗಡಿಯ ಐದು ಬಾಟಲಿಗಳು

ಕೋಲಾರದ ಹಳೆಯ ಪೇಟೆಯ ಅಡ್ಡರಸ್ತೆಯೊಂದರಲ್ಲಿ ಮನೆಯಲ್ಲೇ ತಯಾರಿಸಿದ ಉಪ್ಪಿನಕಾಯಿ, ಗೊಜ್ಜು, ಸಂಡಿಗೆಗಳನ್ನು ಮಾರುವ ಚಿಕ್ಕ ಅಂಗಡಿಯೊಂದಿದೆ. ನಡೆಸುವವರು ಅಕ್ಕತಂಗಿಯರು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಾನು ಎತ್ತಲಿರುವ ದೂರು ಮನೆತಯಾರಿಕೆಯ ಹೆಸರಿನಲ್ಲಿ ಈಗ ಎಲ್ಲೆಡೆ ಮಾರಾಟವಾಗುತ್ತಿರುವ ಎಷ್ಟೋ ಬಾಟಲಿಗಳಿಗೆ ಸಲ್ಲುತ್ತದೆ. ಜೊತೆಗೆ ಈ ಇಬ್ಬರ ಶುಚಿತ್ವದಲ್ಲಾಗಲಿ ಶ್ರದ್ಧೆಯಲ್ಲಾಗಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಳೆದ ತಿಂಗಳು ಅಲ್ಲಿಂದ ಐದು ಸರಕು ತಂದೆ: ಕಾಲು ಕಿಲೋ ಆವಕಾಯಿಗೆ 120 ರೂಪಾಯಿ, ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿಗೆ 160, ಟೊಮೆಟೊ ಪ್ಯೂರಿಗೆ 90, ಉಪ್ಪುನೀರಿನಲ್ಲಿಟ್ಟ ಹಾಲು ಅಣಬೆಗೆ 180, ಅರ್ಧ ಕಿಲೋ ಜೇನುತುಪ್ಪಕ್ಕೆ 340. ಗಾಜಿನ ಬಾಟಲಿಗಳು ಸ್ವಚ್ಛವಾಗಿದ್ದವು, ಮುಚ್ಚಳಗಳು ಬಿಗಿಯಾಗಿದ್ದವು, ತಯಾರಿಸಿದ ದಿನಾಂಕವನ್ನು ಚೀಟಿಯ ಮೇಲೆ ಕೈಬರಹದಲ್ಲಿ ಬರೆದಿದ್ದರು, ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆಯೂ ಇತ್ತು.

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆಸಿದ್ದಾರೆ: ‘ಉಪ್ಪು ಕಡಿಮೆ, ಹುಳಿ ಕಡಿಮೆ, ಕೆಮಿಕಲ್ ಇಲ್ಲವೇ ಇಲ್ಲ.’ ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಕೊನೆಯ ಮಾತು ನಗು ತರಿಸಿತು. ಮೊದಲಿನ ಎರಡು ಮಾತುಗಳು ಮನೆಗೆ ಬಂದ ಮೇಲೂ ಕೊರೆಯುತ್ತಲೇ ಇದ್ದವು. ಉಪ್ಪನ್ನೂ ಹುಳಿಯನ್ನೂ ನಮ್ಮ ಹಿರಿಯರು ಧಾರಾಳವಾಗಿ ಬಳಸಿದ್ದು ಬರೀ ನಾಲಗೆಯ ಚಪಲಕ್ಕಾಗಿರಲಿಲ್ಲ.

ಮೊದಲು ಆವಕಾಯಿಯನ್ನು ಹೊಗಳಿಬಿಡುತ್ತೇನೆ. ಶ್ರೀನಿವಾಸಪುರದ ಕಡೆಯ ಕಾಯಿಯಂತೆ. ಓಟೆಸಮೇತ ಹೆಚ್ಚಿದ ಹೋಳುಗಳು ಮೆತ್ತಗಾಗಿಲ್ಲ, ಸಾಸಿವೆಪುಡಿಯ ಘಾಟು ಮೂಗಿನ ತುದಿಯವರೆಗೆ ಏರಿ ಅಲ್ಲೇ ನಿಲ್ಲುತ್ತದೆ, ಕಹಿಗೆ ತಿರುಗುವುದಿಲ್ಲ. ಈ ಸರಕಿಗೆ ಗೋಡೆಯ ಮೇಲಿನ ಘೋಷಣೆ ಅನ್ವಯಿಸುವುದಿಲ್ಲ ಎಂಬುದೇ ನನ್ನ ನೆಮ್ಮದಿ: ಉಪ್ಪು ಬೇಕಾದಷ್ಟಿದೆ, ಮತ್ತು ಕಾಲೇಜಿನ ದಿನಗಳಿಂದ ಇಟ್ಟುಕೊಂಡಿರುವ, ಹುಳಿ ಅಳೆಯುವ ಪಿಎಚ್ ಕಾಗದವನ್ನು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ರಸಕ್ಕೆ ಅದ್ದಿದಾಗ ಬಣ್ಣ 3ರ ಆಸುಪಾಸಿನಲ್ಲಿ ನಿಂತಿತು. ಪಿಎಚ್ 4.6ಕ್ಕಿಂತ ಕೆಳಗಿರುವ ಆಹಾರದಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು, ಅಂದರೆ ಕಷ್ಟಕಾಲ ಕಳೆಯಲು ಅದು ತಾಳುವ ಗಟ್ಟಿ ಹೊದಿಕೆಯ ನಿದ್ರಾರೂಪ, ಮೊಳೆಯುವುದಿಲ್ಲ. ಅದು ಮೊಳೆಯದಿದ್ದರೆ, ಸ್ನಾಯುಗಳನ್ನು ಸಡಿಲಗೊಳಿಸಿ ಉಸಿರನ್ನೂ ನಿಲ್ಲಿಸಬಲ್ಲ ಬೊಟುಲಿಸಂ ಎಂಬ ಕಾಯಿಲೆಗೆ ಕಾರಣವಾಗುವ ವಿಷವೂ ಹುಟ್ಟುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಜಾಡಿಯ ಮೇಲೆ ಬೆರಳು ದಪ್ಪ ಎಣ್ಣೆ ನಿಂತಿದ್ದರೆ ಉಪ್ಪಿನಕಾಯಿ ಕೆಡುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದರು, ಮತ್ತು ಬೂಷ್ಟಿನ ಮಟ್ಟಿಗೆ ಆ ಮಾತು ನಿಜ, ಏಕೆಂದರೆ ಬೂಷ್ಟಿಗೆ ಗಾಳಿ ಬೇಕು. ಬೊಟುಲಿನಂನ ಸ್ವಭಾವ ತದ್ವಿರುದ್ಧ. ಗಾಳಿಯಿರುವಲ್ಲಿ ಅದು ಬೆಳೆಯದು. ಎಣ್ಣೆಯ ಪದರ, ಬಿಗಿ ಮುಚ್ಚಳ, ಗಾಳಿ ಎಳೆದ ಪ್ಯಾಕೆಟ್ಟು, ತಗಡಿನ ಡಬ್ಬಿ ಎಲ್ಲವೂ ಅದಕ್ಕೆ ಕಟ್ಟಿಕೊಟ್ಟ ಮನೆಗಳೇ. ಮಾವಿನಕಾಯಿಯ ಜಾಡಿಯಲ್ಲಿ ನಮ್ಮನ್ನು ಕಾಯುತ್ತಿದ್ದದ್ದು ಹುಳಿ ಮತ್ತು ಉಪ್ಪು. ಕೀರ್ತಿ ಮಾತ್ರ ಎಣ್ಣೆಯ ಪಾಲಾಯಿತು.

ಈ ತಪ್ಪು ಕೀರ್ತಿಯ ಫಲವೇ ಎರಡನೆಯ ಬಾಟಲಿ. ಸುಲಿದ ಬೆಳ್ಳುಳ್ಳಿಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಮುಳುಗಿಸಿ, ಒಗ್ಗರಣೆಗೆ ಹಾಗೆಯೇ ಸುರಿಯಬಹುದೆಂದು ಮಾರುತ್ತಾರೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸಾಲಿನಲ್ಲಿ ನಿಂತು ಕೊಳ್ಳುವುದನ್ನು ನಾನೇ ನೋಡಿದ್ದೇನೆ. ನೋಡಲು ಚೆಂದ, ಎಸಳುಗಳು ದಂತದ ಬಣ್ಣಕ್ಕಿವೆ, ವಾಸನೆ ಹಿತವಾಗಿದೆ. ಒಂದು ಎಸಳನ್ನು ತೆಗೆದು, ಎಣ್ಣೆ ಒರೆಸಿ, ನಾಲ್ಕು ಹನಿ ಬಟ್ಟಿಯಿಳಿಸಿದ ನೀರಿನೊಂದಿಗೆ ಕುಟ್ಟಾಣಿಯಲ್ಲಿ ಜಜ್ಜಿ ಕಾಗದ ಅದ್ದಿದೆ; 5.5 ಮತ್ತು 6ರ ನಡುವಿನ ಬಣ್ಣ ಬಂದಿತು. ಹುಳಿಯಿಲ್ಲ, ಉಪ್ಪಿಲ್ಲ, ಗಾಳಿಯಿಲ್ಲ, ಮತ್ತು ಬಾಟಲಿ ಕೂತಿರುವುದು ಕೋಲಾರದ ಏಪ್ರಿಲ್ ಬಿಸಿಯ ಅಂಗಡಿಯ ಅರೆಯಲ್ಲಿ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಬೊಟುಲಿನಂನ ಬೀಜಾಣುಗಳ ತವರು ಮಣ್ಣೇ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೋರೆಂಟಿನಲ್ಲಿ ಊಟ ಮಾಡಿದ 36 ಮಂದಿಗೆ ಬೊಟುಲಿಸಂ ತಗುಲಿದ್ದು ಫ್ರಿಜ್ಜಿನ ಹೊರಗೆ ಇಟ್ಟಿದ್ದ, ಎಣ್ಣೆಯಲ್ಲಿ ನೆನೆಸಿದ ಬೆಳ್ಳುಳ್ಳಿಯಿಂದ. ಮನೆಯಲ್ಲಿ ಮಾಡಿಕೊಂಡ ಇಂಥ ಬೆಳ್ಳುಳ್ಳಿಯೆಣ್ಣೆಯನ್ನು ಫ್ರಿಜ್ಜಿನಲ್ಲೇ ಇಡಬೇಕು, ನಾಲ್ಕು ದಿನಕ್ಕಿಂತ ಹೆಚ್ಚು ಇಡಬಾರದು ಎಂಬುದು ಪರಿಣತರ ಸಲಹೆ. ಈ ಬಾಟಲಿಯ ಚೀಟಿಯಲ್ಲಿ ‘ಮೂರು ತಿಂಗಳು ಬಾಳಿಕೆ’ ಎಂದಿದೆ.

ಮರುದಿನ ಬಾಟಲಿಯನ್ನು ಹಿಡಿದು ಅಂಗಡಿಗೆ ಹೋದೆ. ಅಕ್ಕ ಸಮಾಧಾನದಿಂದಲೇ ಕೇಳಿಸಿಕೊಂಡರು. “ಬಾಟಲಿ, ಮುಚ್ಚಳ, ಎಣ್ಣೆ ಎಲ್ಲಾನೂ ಕುದಿಸೇ ತುಂಬಿದೀವಿ ಮೇಷ್ಟ್ರೇ, ಕುದಿಸಿದ ಮೇಲೂ ಯಾವ ಕ್ರಿಮಿ ಉಳಿಯುತ್ತೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ, ಮತ್ತು ಇದಕ್ಕೆ ಉತ್ತರ ಗೊತ್ತಿಲ್ಲದವರು ನಮ್ಮಲ್ಲಿ ಬಹಳ ಮಂದಿ.

ಬೊಟುಲಿಸಂನಲ್ಲಿ ಬ್ಯಾಕ್ಟೀರಿಯಾ, ಅದರ ಬೀಜಾಣು, ಅದು ಉಗುಳುವ ವಿಷ ಎಂಬ ಮೂರನ್ನು ಬೇರೆಬೇರೆಯಾಗಿ ನೋಡಬೇಕು. ಬ್ಯಾಕ್ಟೀರಿಯಾ ಬಿಸಿಗೆ ಬೇಗ ಸಾಯುತ್ತದೆ. ವಿಷವೂ ಬಿಸಿಗೆ ಸೋಲುತ್ತದೆ. ಆಹಾರವಿಡೀ 85 ಡಿಗ್ರಿ ತಲುಪಿ ಐದು ನಿಮಿಷ ಇದ್ದರೆ ಅದು ಕೆಲಸಕ್ಕೆ ಬಾರದಂತಾಗುತ್ತದೆ. ನಡುವಿನ ಬೀಜಾಣು ಮಾತ್ರ ಗಟ್ಟಿಜೀವ: ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇದ್ದರೂ ಉಳಿಯಬಲ್ಲದು, ಕುದಿತಕ್ಕೆ ಬೇರೆ ಸೂಕ್ಷ್ಮಜೀವಿಗಳೆಲ್ಲ ಸತ್ತು ಪೈಪೋಟಿಯೇ ಇಲ್ಲದ ಬಾಟಲಿಯೊಳಗೆ ಆರಾಮವಾಗಿ ಮೊಳೆಯಬಲ್ಲದು. ಅದನ್ನು ಕೊಲ್ಲಲು ತೇವದ ಬಿಸಿ 121 ಡಿಗ್ರಿಗೆ ಏರಬೇಕು, ಬಾಟಲಿಯ ನಟ್ಟನಡುವಿನ ತುಣುಕಿಗೂ ಆ ಬಿಸಿ ಸುಮಾರು ಮೂರು ನಿಮಿಷ ತಾಗಿರಬೇಕು. ನಮ್ಮೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ನೀರು 97ರ ಹೊತ್ತಿಗೇ ಕುದಿಯುತ್ತದೆ. ನಂಬದವರು ಒಲೆಯ ಮೇಲಿನ ಪಾತ್ರೆಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಬಹುದು (ಜ್ವರ ನೋಡುವ ಥರ್ಮಾಮೀಟರ್ ಬೇಡ, ಒಡೆದೀತು).

ಟೊಮೆಟೊ ಪ್ಯೂರಿಯ ಬಗ್ಗೆ ತೀರ್ಪು ಕೊಡುವುದು ಇಷ್ಟು ಸುಲಭವಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಬರೀ ಅಡುಗೆಯ ವಿಷಯವೂ ಅಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋದ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನು ನೋಡಿದ್ದೇವೆ. ಅದೇ ಹಣ್ಣನ್ನು, ಕೀಳುವ ಕೂಲಿಯೂ ಹುಟ್ಟದೆ, ರಸ್ತೆಯ ಬದಿಗೆ ಸುರಿದದ್ದನ್ನೂ ನೋಡಿದ್ದೇವೆ. ಬೆಲೆ ಬಿದ್ದಾಗ ರುಬ್ಬಿ ಬಾಟಲಿ ಮಾಡಿಡುವ ಯೋಚನೆ ಒಳ್ಳೆಯದೇ. ಪ್ಯೂರಿಯ ಬಣ್ಣ ಗಾಢವಾಗಿದೆ, ಬೀಜ ಸಿಪ್ಪೆ ಒಂದೂ ಇಲ್ಲ, ನೀರು ಬೇರೆ ಒಡೆದಿಲ್ಲ, ತಿಳಿಸಾರಿಗೆ ಎರಡು ಸೌಟು ಹಾಕಿದರೆ ಸಾಕಾಗುತ್ತದೆ. ಆದರೆ ಟೊಮೆಟೊ ಗಡಿಯ ಮೇಲೆ ನಿಂತಿರುವ ಹಣ್ಣು: ತಳಿಯನ್ನೂ ಮಾಗಿದ ಹದವನ್ನೂ ಅನುಸರಿಸಿ ಅದರ ಪಿಎಚ್ 4.6ರ ಆಚೆಗೂ ಇರಬಹುದು, ಈಚೆಗೂ ಇರಬಹುದು, ಅತಿಯಾಗಿ ಹಣ್ಣಾದಷ್ಟೂ ಹುಳಿ ಇಳಿಯುತ್ತದೆ. ನಾನು ತಂದ ಬಾಟಲಿ 4.4ರ ಹತ್ತಿರ ತೋರಿಸಿತು. ಇದು ಪಾಸಾಯಿತು ಎಂದರೆ ಮುಂದಿನ ವಾರದ ಬಾಟಲಿಯೂ ಪಾಸಾಗುತ್ತದೆಂದು ಅರ್ಥವಲ್ಲ. ಆದ್ದರಿಂದಲೇ ಮನೆಯಲ್ಲಿ ಟೊಮೆಟೊ ಬಾಟಲಿ ಮಾಡುವವರು ಅರ್ಧ ಲೀಟರಿಗೆ ಕಾಲು ಟೀ ಚಮಚ ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ತಪ್ಪದೆ ಬೆರೆಸಬೇಕೆಂಬ ನಿಯಮವಿದೆ. ಇದನ್ನು ಹೇಳಿದಾಗ ತಂಗಿಯ ಮುಖ ಚಿಕ್ಕದಾಯಿತು. ಸಿಟ್ರಿಕ್ ಆಮ್ಲ ಕೆಮಿಕಲ್ ಆಗಿಬಿಡುತ್ತದಲ್ಲ, ಗೋಡೆಯ ಮೇಲಿನ ಬರಹವನ್ನು ಏನು ಮಾಡುವುದು? ನಿಂಬೆರಸವೂ ಆಗುತ್ತದೆ, ಆದರೆ ಹಣ್ಣಿನಿಂದ ಹಣ್ಣಿಗೆ ಹುಳಿ ಬೇರೆಯಾಗುವುದರಿಂದ ಲೆಕ್ಕ ಸಿಗುವುದಿಲ್ಲ, ನಿಂಬೆಉಪ್ಪೇ ವಾಸಿ ಎಂದೆ.

ಹಾಲು ಅಣಬೆಯ ಬಾಟಲಿಯನ್ನು ನಾನು ಬಾಯಿಗಿಡಲಿಲ್ಲ, ಆದ್ದರಿಂದ ಅದರ ರುಚಿಯ ಬಗ್ಗೆ ಬರೆಯಲಾರೆ. ಇದು ಈ ಅಂಗಡಿಯ ಅತ್ಯಂತ ಅಪಾಯಕಾರಿ ಸರಕು. ಅಣಬೆಗೆ ಹುಳಿಯಿಲ್ಲ. ಬ್ಯಾಕ್ಟೀರಿಯಾವನ್ನು ಉಪ್ಪಿನಿಂದಲೇ ತಡೆಯಬೇಕೆಂದರೆ ನೀರಿನಲ್ಲಿ ನೂರಕ್ಕೆ ಹತ್ತು ಪಾಲು ಉಪ್ಪಿರಬೇಕು. ಅಕ್ಕ ಹೇಳಿದ ಚಮಚದ ಲೆಕ್ಕ ಹಾಕಿದರೆ ಮೂರೋ ನಾಲ್ಕೋ ಪಾಲು ಮಾತ್ರ ಇದೆ. “ಕುಕ್ಕರಿನಲ್ಲಿಟ್ಟು ಮೂರು ವಿಷಲ್ ಕೂಗಿಸ್ತೀವಿ” ಎಂದು ಅವರು ಭರವಸೆ ಕೊಟ್ಟರು. ಕುಕ್ಕರಿನ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ, 121 ಡಿಗ್ರಿಗೆ ಹತ್ತಿರ ಹೋಗುವ ದಾರಿ ಒತ್ತಡದ ಹಬೆಯೇ. ಆದರೆ ಒಳಗಿನ ಗಾಳಿಯೆಲ್ಲ ಹೊರಹೋಗುವ ಮೊದಲೇ ತೂಕ ಕೂರಿಸಿದರೆ ಬಿಸಿ ಲೆಕ್ಕದಷ್ಟು ಏರುವುದಿಲ್ಲ. ನಮ್ಮ ಎತ್ತರದಲ್ಲಿ ಅದೇ ತೂಕಕ್ಕೆ ಒಂದೆರಡು ಡಿಗ್ರಿ ಇನ್ನೂ ಕಡಿಮೆ. ತುಂಬಿದ ಗಾಜಿನ ಬಾಟಲಿಯ ಮಧ್ಯಕ್ಕೆ ಬಿಸಿ ಇಳಿಯಲು ಮೂರು ವಿಷಲಿನ ಹೊತ್ತು ಸಾಲುವುದೇ ಇಲ್ಲ. ಕಾರ್ಖಾನೆಗಳಲ್ಲಿ ಇದಕ್ಕೆಂದೇ ರಿಟಾರ್ಟ್ ಎಂಬ ಒತ್ತಡದ ತೊಟ್ಟಿ ಇರುತ್ತದೆ, ಡಬ್ಬಿಯ ನಡುವಿನ ಬಿಸಿಯನ್ನೇ ಅಳೆದು ಹೊತ್ತನ್ನು ಗೊತ್ತುಮಾಡುತ್ತಾರೆ. ಅಮೆರಿಕದ ಓಹಾಯೋ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿ 2015ರ ಏಪ್ರಿಲಿನಲ್ಲಿ ಚರ್ಚಿನ ಸಹಭೋಜನಕ್ಕೆ ಬಂದವರಲ್ಲಿ 29 ಮಂದಿ ಕಾಯಿಲೆ ಬಿದ್ದರು, ಒಬ್ಬರು ಸತ್ತರು. ಮನೆಯಲ್ಲಿ ಆಲೂಗಡ್ಡೆಯನ್ನು ಒತ್ತಡದ ಹಬೆಯಲ್ಲಿ ಬೇಯಿಸದೆ ಕುದಿಯುವ ನೀರಿನಲ್ಲಿಟ್ಟು ಬಾಟಲಿ ಮಾಡಿದ್ದೇ ಕಾರಣವಾಗಿತ್ತು. ಬಾಟಲಿ ಮಾಡಿದವರು ಅಲ್ಲಿಯೂ ಕೊಳಕರೇನಲ್ಲ.

ಲ್ಯಾಟಿನ್ನಿನಲ್ಲಿ ಬೊಟುಲಸ್ ಎಂದರೆ ಮಾಂಸ ತುಂಬಿದ ಸಾಸೇಜು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯಕವಿ ಸಾಸೇಜಿನ ವಿಷವನ್ನು ವಿವರವಾಗಿ ಬರೆದಿಟ್ಟ. ಆ ಹೆಸರಿನ ದೆಸೆಯಿಂದ ಇದು ಮಾಂಸ ತಿನ್ನುವವರ ಕಾಯಿಲೆ ಎಂದು ಭಾವಿಸುವ ಸಸ್ಯಾಹಾರಿಗಳಿದ್ದಾರೆ. ಅವರಿಗಾಗಿ ನಮ್ಮ ದೇಶದ್ದೇ ಒಂದು ನಿದರ್ಶನ: 1996ರ ಸೆಪ್ಟೆಂಬರಿನಲ್ಲಿ ಗುಜರಾತಿನ ಒಂದು ವಸತಿಶಾಲೆಯ 34 ವಿದ್ಯಾರ್ಥಿಗಳಿಗೆ ಬೊಟುಲಿಸಂ ಬಂದು ಮೂವರು ಸತ್ತರು, ಮತ್ತು ಅಲ್ಲಿ ಅನುಮಾನಕ್ಕೆ ಗುರಿಯಾದ ತಿಂಡಿ ಕಡಲೆಹಿಟ್ಟಿನ ಸೇವು. ಆ ಪ್ರಕರಣದಲ್ಲಿ ಕಂಡುಬಂದದ್ದು ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ ಎಂಬ ದಾಯಾದಿ ಬ್ಯಾಕ್ಟೀರಿಯಾ. ವಿಷ ಮಾತ್ರ ಅದೇ ಕುಲದ್ದು.

ಈ ವಿಷ ಮಾಡುವುದಿಷ್ಟೇ: ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ಅಸಿಟೈಲ್‌ಕೋಲಿನ್ ಹೊರಬರದಂತೆ ತಡೆಯುತ್ತದೆ. ಅಪ್ಪಣೆಯಿಲ್ಲದ ಸ್ನಾಯು ಸಡಿಲವಾಗಿ ಬೀಳುತ್ತದೆ. (ಹಣೆಯ ಸುಕ್ಕು ಬಿಡಿಸಲು ಚುಚ್ಚುವ ಬೊಟಾಕ್ಸ್ ಇದೇ ವಿಷದ ಅತ್ಯಲ್ಪ ಪ್ರಮಾಣ.) ತಿಂದ 12ರಿಂದ 36 ಗಂಟೆಗಳೊಳಗೆ ಸಾಮಾನ್ಯವಾಗಿ ಲಕ್ಷಣಗಳು ಕಾಣಿಸುತ್ತವೆ, ನಾಲ್ಕೇ ಗಂಟೆಯಲ್ಲೂ ಕಾಣಬಹುದು, ಎಂಟು ದಿನವೂ ಆಗಬಹುದು, ಆದ್ದರಿಂದ ‘ಮೊನ್ನೆ ತಿಂದದ್ದು’ ಯಾರ ನೆನಪಿಗೂ ಬಾರದೆ ಹೋಗುತ್ತದೆ. ಕೆಲವರಿಗೆ ಮೊದಲು ವಾಂತಿ, ಹೊಟ್ಟೆಯುಬ್ಬರ ಇರುತ್ತದೆ. ಮುಖ್ಯವಾದದ್ದು ಮೇಲಿನಿಂದ ಕೆಳಗಿಳಿಯುವ ನಿತ್ರಾಣ: ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಬಾಯಿ ಒಣಗುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಆಮೇಲೆ ಕತ್ತು, ತೋಳು, ಎದೆ, ಕಾಲು. ಇಷ್ಟಾದರೂ ಜ್ವರವಿರುವುದಿಲ್ಲ, ಪ್ರಜ್ಞೆ ತಿಳಿಯಾಗಿರುತ್ತದೆ. ಕುಡಿದಿದ್ದಾರೆ ಎಂದೋ ಲಕ್ವ ಹೊಡೆದಿದೆ ಎಂದೋ ಸುತ್ತಲಿನವರು ತೀರ್ಮಾನಿಸುವುದು ಸುಲಭ. ನಮ್ಮ ಹಳ್ಳಿಗಳ ಕಡೆ ರಾತ್ರಿ ಕಟ್ಟುಹಾವು ಕಚ್ಚಿದರೂ ಹೀಗೆಯೇ ರೆಪ್ಪೆ ಜೋತುಬೀಳುವುದರಿಂದ ವೈದ್ಯರಿಗೂ ಗೊಂದಲವಾಗಬಹುದು. ಹಿಂದಿನ ದಿನಗಳಲ್ಲಿ ಯಾವ ಬಾಟಲಿ ತೆರೆದಿರಿ, ಯಾವ ಡಬ್ಬಿ ತಿಂದಿರಿ ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಬೇಕು, ಜೊತೆಯಲ್ಲಿ ಊಟ ಮಾಡಿದವರ ಕಣ್ಣುಗಳನ್ನೂ ನೋಡಬೇಕು.

ಮನೆಮದ್ದಿಗೆ ಇಲ್ಲಿ ಎಡೆಯೇ ಇಲ್ಲ. ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಒಡನೆಯೇ ಹೋಗಬೇಕು. ಪ್ರತಿವಿಷವೆಂಬ ಔಷಧವಿದೆ, ಆದರೆ ಅದು ರಕ್ತದಲ್ಲಿ ಇನ್ನೂ ಅಲೆಯುತ್ತಿರುವ ವಿಷವನ್ನಷ್ಟೇ ಹಿಡಿದುಹಾಕುತ್ತದೆ. ನರಕ್ಕೆ ಅಂಟಿಕೊಂಡದ್ದನ್ನು ಬಿಡಿಸಲಾರದು, ಆದ್ದರಿಂದ ಪ್ರಯೋಗಾಲಯದ ವರದಿಗೆ ಕಾಯದೆ ಲಕ್ಷಣ ನೋಡಿಯೇ ಕೊಡಬೇಕಾಗುತ್ತದೆ. ಕೆಟ್ಟ ನರತುದಿಗಳ ಬದಲು ಹೊಸವು ಚಿಗುರುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಯಂತ್ರವೇ ಉಸಿರಾಡಿಸಬೇಕು. ಒಳ್ಳೆಯ ಆರೈಕೆ ಸಿಕ್ಕವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಉಳಿದದ್ದು ಜೇನುತುಪ್ಪ. ತೊಗರಿ ಹೂವಿನ ಕಾಲದ್ದೆಂದರು. ಗಟ್ಟಿಯಾಗಿದೆ, ಸಣ್ಣ ಒಗರಿದೆ, ದೊಡ್ಡವರಿಗೆ ನಿಶ್ಚಿಂತೆಯಿಂದ ಶಿಫಾರಸು ಮಾಡುತ್ತೇನೆ. ಚೀಟಿಯ ಮೇಲೆ ತೊಟ್ಟಿಲ ಚಿತ್ರ ಬಿಡಿಸಿ ‘ಹಸುಗೂಸಿಗೂ ಅಮೃತ’ ಎಂದು ಬರೆದಿರುವುದನ್ನು ಮಾತ್ರ ಒಪ್ಪಲಾರೆ. ಜೇನಿನಲ್ಲಿ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ, ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ಅಲ್ಲೇ ವಿಷ ಮಾಡಬಲ್ಲವು. ಮಲಬದ್ಧತೆ, ಕ್ಷೀಣವಾದ ಅಳು, ಮೊಲೆ ಚೀಪುವ ಶಕ್ತಿಯಿಲ್ಲದಿರುವುದು, ನಿಲ್ಲದ ಕತ್ತು ಇವು ಮಗುವಿನಲ್ಲಿ ಕಾಣುವ ಗುರುತುಗಳು. ಹುಟ್ಟಿದ ಮಗುವಿನ ನಾಲಗೆಗೆ ಚಿನ್ನದುಂಗುರದಲ್ಲಿ ಜೇನು ಸವರುವ ಶಾಸ್ತ್ರ ನಮ್ಮ ಮನೆಯಲ್ಲೂ ಇತ್ತು. ಮೊಮ್ಮಗಳ ಕಾಲಕ್ಕೆ ಜೇನನ್ನು ಬಿಟ್ಟು ಉಂಗುರವನ್ನಷ್ಟೇ ತೋರಿಸಿದೆವು, ನನ್ನ ಅತ್ತಿಗೆಯವರು ಇವತ್ತಿಗೂ ಆ ಮಾತು ಎತ್ತುತ್ತಾರೆ.

ಅಣಬೆಯ ಬಾಟಲಿಯನ್ನು ವಿಲೇವಾರಿ ಮಾಡಿದ ಬಗೆಯನ್ನೂ ಹೇಳುತ್ತೇನೆ, ಏಕೆಂದರೆ ಸಾಮಾನ್ಯವಾಗಿ ನಾವು ಮಾಡುವುದು ತಪ್ಪು. ಮುಚ್ಚಳ ಉಬ್ಬಿದ್ದರೆ, ಸೋರಿದ್ದರೆ, ತೆರೆದಾಗ ರಸ ಚಿಮ್ಮಿದರೆ ಅನುಮಾನಪಡಬೇಕು. ಹಾಗೆಂದು ಈ ವಿಷವಿರುವ ಆಹಾರಕ್ಕೆ ಕೆಟ್ಟ ವಾಸನೆ ಇರಲೇಬೇಕೆಂದಿಲ್ಲ, ಬಣ್ಣ ಬದಲಾಗಬೇಕೆಂದೂ ಇಲ್ಲ. ಕೆಟ್ಟಿದೆಯೋ ಇಲ್ಲವೋ ಎಂದು ಬೆರಳ ತುದಿಯಲ್ಲಿ ನೆಕ್ಕಿ ನೋಡುವ ಅಭ್ಯಾಸವನ್ನಂತೂ ಬಿಡಲೇಬೇಕು, ಅಷ್ಟು ತೀಕ್ಷ್ಣವಾದ ವಿಷ ಇದು. ಕಲಗಚ್ಚಿನ ಬಕೆಟ್ಟಿಗೂ ಸುರಿಯಬಾರದು, ದನಗಳಿಗೂ ಬೊಟುಲಿಸಂ ಬರುತ್ತದೆ. ನಾನು ಹಿತ್ತಲಿನಲ್ಲಿ ಹಳೆಯ ಪಾತ್ರೆಯಿಟ್ಟು, ಕೈಗವಸು ತೊಟ್ಟು, ಮುಚ್ಚಳ ಸಡಿಲಿಸಿದ ಬಾಟಲಿಯನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಅರ್ಧ ಗಂಟೆ ಕುದಿಸಿ, ಆರಿದ ಮೇಲೆ ಕಸಕ್ಕೆ ಹಾಕಿದೆ. ಆ ಪಾತ್ರೆಯನ್ನು ನನ್ನ ಹೆಂಡತಿ ಮತ್ತೆ ಒಳಗೆ ಬಿಟ್ಟುಕೊಂಡಿಲ್ಲ.

ಹದಿನೈದು ದಿನ ಬಿಟ್ಟು ಅಂಗಡಿಗೆ ಮತ್ತೆ ಹೋದೆ. ಬೆಳ್ಳುಳ್ಳಿ ಈಗ ಅರೆಯಲ್ಲಿಲ್ಲ; ತಂಪುಪಾನೀಯದ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಚಿಕ್ಕ ಬಾಟಲಿಗಳಲ್ಲಿದೆ, ‘ನಾಲ್ಕು ದಿನದೊಳಗೆ ಬಳಸಿ’ ಎಂಬ ಹೊಸ ಚೀಟಿಯೊಂದಿಗೆ. ಜೇನಿನ ತೊಟ್ಟಿಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ. ಪ್ಯೂರಿಗೆ ನಿಂಬೆಉಪ್ಪು ಹಾಕಿದ್ದೇವೆಂದು ಅಕ್ಕ ಹೇಳಿದರು, ಗಿರಾಕಿಗಳು ಹುಳಿ ಹೆಚ್ಚಾಯಿತೆಂದು ಗೊಣಗುತ್ತಿದ್ದಾರೆಂದು ತಂಗಿ ಹೇಳಿದರು. ಗೋಡೆಯ ಬರಹ ಹಾಗೆಯೇ ಇದೆ. ಅಣಬೆಯನ್ನು ಇನ್ನು ಮುಂದೆ ಮಾಡುವುದಿಲ್ಲವಂತೆ, ಆದರೆ ಮಾಡಿಟ್ಟದ್ದಕ್ಕೆ ಸಂಘದ ಸಾಲ ತಗುಲಿದೆಯಂತೆ. “ಸಾಲದ ಕಷ್ಟ ನನಗೂ ಗೊತ್ತಮ್ಮ, ಮುಂದಿನ ವಾರ ಇವು ಇಲ್ಲೇ ಇದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ನಾನೇ ಬರೆಯುತ್ತೇನೆ” ಎಂದು ಹೇಳಿ, ಅರ್ಧ ಕಿಲೋ ಆವಕಾಯಿಗೆ 240 ರೂಪಾಯಿ ಎಣಿಸಿಕೊಟ್ಟೆ. ಮೇಲಿನ ಅರೆಯಲ್ಲಿ ಹನ್ನೊಂದು ಬಾಟಲಿಗಳಿದ್ದವು. ನಾನು ಅವನ್ನೂ ಎಣಿಸಿದ್ದನ್ನು ತಂಗಿ ಗಮನಿಸಿದರು.